ಹುಳಿ ಜಾತಿಯ ಮಾವ

ನಮ್ಮ ಸೋದರಮಾವನ ಪ್ರಕಾರ ಬ್ರಹ್ಮ ಸೃಷ್ಟಿಸಿದ್ದು ಎರಡೇ ಜಾತಿ. ಒಂದು ಹುಳಿ, ಇನ್ನೊಂದು ಕ್ಷಾರ. ಉಳಿದವೆಲ್ಲ ಜನ ಕೆಲಸವಿಲ್ಲದಾಗ ಮಾಡಿಕೊಂಡವಂತೆ!

ಮಾವ ಮಧುಗಿರಿಯಲ್ಲಿ ಸೈನ್ಸ್ ಮೇಷ್ಟ್ರು, ನಾವೂ ಅವನ ಮನೆಯಲ್ಲೇ ಬೆಳೆದವರು. ಹುಣಸೆ, ನಿಂಬೆ, ಮಜ್ಜಿಗೆ ಒಂದು ಕಡೆ. ಸುಣ್ಣ, ಬೂದಿ, ಬಟ್ಟೆ ಒಗೆಯುವ ಚೌಳು ಮಣ್ಣು ಇನ್ನೊಂದು ಕಡೆ. ಎರಡೂ ಕೂಡಿದರೆ ಒಂದರ ಸೊಕ್ಕನ್ನು ಇನ್ನೊಂದು ಮುರಿದು ಉಪ್ಪಾಗುತ್ತವೆ. ಇಷ್ಟು ಪಾಠವನ್ನು ಶಾಲೆಯಲ್ಲೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಬಿಡಬೇಕಲ್ಲ!

ಒಮ್ಮೆ ಮಹಾರಾಜರ ಸರ್ಕಾರದ ಖಾನೇಸುಮಾರಿ ಗುಮಾಸ್ತ ಮನೆ ಮನೆ ಲೆಕ್ಕ ಬರೆಯುತ್ತ ನಮ್ಮ ಜಗಲಿಗೂ ಬಂದ.

"ಜಾತಿ ಯಾವ್ದು ಸ್ವಾಮಿ?"

"ನಾನು ಹುಳಿ. ನಮ್ಮ ಮನೆಯವಳು ಕ್ಷಾರ," ಎಂದ ಮಾವ ಗಂಭೀರವಾಗಿ. "ಇಬ್ಬರೂ ಕೂಡಿ ಉಪ್ಪು."

ಗುಮಾಸ್ತ ಲೇಖನಿ ಕಚ್ಚಿಕೊಂಡು ಯೋಚಿಸಿದ. "ಅಂಗಂದ್ರೆ ಉಪ್ಪಾರ್ರು ಅಂತ ಬರ್ಕೊಳ್ಳಲಾ?"

ಒಳಗಿನಿಂದ ಅತ್ತೆ ಸೌಟು ಹಿಡಿದೇ ಬಂದಳು. ಕ್ಷಾರ ಎಂದರೇನೆಂದು ಗುಮಾಸ್ತನಿಗೆ ಆ ದಿನ ಚೆನ್ನಾಗಿ ಅರ್ಥವಾಯಿತು.

ಇನ್ನೊಮ್ಮೆ ಮಾವನ ಬಿಳಿ ಪಂಚೆಯ ಮೇಲೆ ಸಾರು ಚೆಲ್ಲಿತು. ಅಗಸಗಿತ್ತಿ ಚೌಳು ಮಣ್ಣು ಹಾಕಿ ತಿಕ್ಕಿದಳು. ಸಾರಿನ ಅರಿಶಿನಕ್ಕೆ ಕ್ಷಾರ ತಗುಲಿತು, ಕಲೆ ಕೆಂಪಗಾಯಿತು. "ಅಯ್ಯಯ್ಯೋ, ಮೇಷ್ಟ್ರನ್ನ ಯಾರೋ ಇರಿದ್ಬುಟ್ಟವ್ರೆ!" ಎಂದು ಅವಳು ಕೂಗಿದ್ದಕ್ಕೆ ಬೀದಿಯೇ ಸೇರಿತು. ಸತ್ತವನೆಂದು ಹೆಸರಾದ ಮಾವ ಓಡಿಬಂದು, ಕಲೆಯ ಮೇಲೆ ನಿಂಬೆಹಣ್ಣು ಹಿಂಡಿ ಹಳದಿ ಮಾಡಿ, "ನೋಡಿದ್ರಾ!" ಎಂದು ಕುಣಿದ. ನೋಡಿದರು. ಇವನಿಗಿಂತ ಕೊಲೆಯೇ ವಾಸಿಯಿತ್ತು ಎನ್ನುವಂತೆ ನೋಡಿದರು.

ಈ ಪಾಠವನ್ನು ಮನಸ್ಸಿಟ್ಟು ಕಲಿತವಳು ಒಬ್ಬಳೇ, ಮಾವನ ತಂಗಿ, ಅಂದರೆ ನನ್ನ ಚಿಕ್ಕಮ್ಮ. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ಮನೆಯಲ್ಲಿ ಯಾವ ಶುಭಕಾರ್ಯವಾದರೂ ಯಾರೂ ಹೇಳದೆಯೇ ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕುತ್ತ ಕೂರುತ್ತಿದ್ದಳು. ಅವಳನ್ನು ನಡುಮನೆಗೆ ಕರೆತರಬೇಕೆಂಬುದು ಮಾವನ ಒಂದೇ ಹಟ. ಪ್ರತಿ ಸಲವೂ ಅಜ್ಜಿಯೊಡನೆ ಜಗಳವಾಗುತ್ತಿತ್ತು.

"ಅವ್ಳು ಮುಂದೆ ನಿಂತ್ರೆ ಅಶುಭ ಕಣ್ಲಾ."

"ಅಶುಭ ಅಂತ ಯಾವ ಅರಿಶಿನದ ಬಟ್ಟೆ ಅದ್ದಿ ನೋಡ್ದೆ ಅವ್ವಾ? ಯಾವ ಬಣ್ಣ ಬಂತು?"

ಅಜ್ಜಿ ಮಾತ್ರ ಸೋಲುತ್ತಿರಲಿಲ್ಲ. ಚಿಕ್ಕಮ್ಮ ಹಿತ್ತಲಲ್ಲೇ ಉಳಿದಳು.

ಕೊನೆಗೆ ನಮ್ಮಕ್ಕನ ಮದುವೆ ಬಂತು. ಗಂಡು ಕಳ್ಳಂಬೆಳ್ಳದ ಕಡೆಯವನು. ಧಾರೆ ಮುಗಿದು, ಹಸೆಯ ಮೇಲೆ ಗಂಡು ಹೆಣ್ಣನ್ನು ಕೂರಿಸಿ ಆರತಿ ಎತ್ತಬೇಕು. ಆರತಿಯ ನೀರೆಂದರೆ ಅರಿಶಿನ, ಸುಣ್ಣ ಕದಡಿದ ಕೆಂಪು ನೀರು. ದೃಷ್ಟಿ ತೆಗೆಯುವ ನೀರು. ಮಾವ ಹೆಗಲ ಮೇಲಿನ ವಲ್ಲಿಯ ಮರೆಯಲ್ಲಿ ಕೈಯಿಟ್ಟುಕೊಂಡು ತಟ್ಟೆಯ ಬಳಿ ಒಮ್ಮೆ ಬಗ್ಗಿ ಎದ್ದ. ಅಷ್ಟೆ! ನೋಡನೋಡುತ್ತಿದ್ದಂತೆ ಕೆಂಪು ನೀರು ಹಳದಿಗೆ ತಿರುಗಿತು.

ವಾಲಗವೂ ನಿಂತಿತು. "ಅಯ್ಯೋ ಶಿವನೇ! ಎಂಥಾ ಕೆಟ್ಟ ಕಣ್ಣು ಬಿತ್ತಪ್ಪಾ!" ಎಂದು ಬೀಗಿತ್ತಿ ಎದೆ ಹಿಡಿದುಕೊಂಡಳು. ಗಂಡಿನ ಕಡೆಯವರು ಪಿಸುಗುಟ್ಟತೊಡಗಿದರು. ಎಲ್ಲರೂ ಮಾವನ ಕಡೆ ತಿರುಗಿದರು.

ಮಾವ ಹೇಳಿದ: "ನಂಗೇನೂ ಗೊತ್ತಿಲ್ಲ."

ಹುಟ್ಟಿದಾರಭ್ಯ ಮಾವ ಆಡದ ಮಾತು!

"ಇದನ್ನ ಸರಿ ಮಾಡೋಳು ಒಬ್ಳೇ, ನನ್ ತಂಗಿ. ಹಿತ್ಲಲ್ಲವ್ಳೆ. ನಾನು ಕರೆದ್ರೆ ಬರಕಿಲ್ಲ. ನೀವು ಕರೀಬೇಕು."

ಬೀಗಿತ್ತಿ ಒಂದು ಕ್ಷಣವೂ ನಿಲ್ಲದೆ ಹಿತ್ತಲಿಗೆ ನಡೆದಳು, ಚಿಕ್ಕಮ್ಮನನ್ನು ಕೈಹಿಡಿದು ಎಳೆದುಕೊಂಡೇ ಬಂದಳು. ಚಿಕ್ಕಮ್ಮನ ಕೈಯಲ್ಲಿ ಇನ್ನೂ ಬೂದಿಯಿತ್ತು. ಸೆರಗಿಗೆ ಒರೆಸಿಕೊಂಡು, ತಟ್ಟೆಯನ್ನು ಮೂಸಿ ನೋಡಿ, ತಲೆಯೆತ್ತಿ ಅಣ್ಣನನ್ನು ದಿಟ್ಟಿಸಿದಳು. ಅಣ್ಣ ಚಪ್ಪರ ನೋಡಿದ. ಅವಳು ಯಾರದೋ ಎಲೆಅಡಿಕೆ ಚೀಲದಿಂದ ಸುಣ್ಣ ಇಸಿದುಕೊಂಡು, ಸ್ವಲ್ಪ ಸ್ವಲ್ಪವೇ ಕದಡಿದಳು. ನೀರು ಮತ್ತೆ ಕೆಂಪಗಾಯಿತು.

ಕೆಲಸ ಮುಗಿಯಿತೆಂದು ಅವಳು ಹಿತ್ತಲ ಕಡೆ ತಿರುಗಿದಳು.

"ಎಲ್ಲಿಗೋಯ್ತೀಯಮ್ಮ? ಮತ್ತೆ ಬಣ್ಣ ಕೆಟ್ರೆ ಯಾರ್ ನೋಡೋರು?" ಎಂದಳು ಬೀಗಿತ್ತಿ.

"ನಾನು... ಗಂಡ ಇಲ್ದೋಳು."

ಅಜ್ಜಿ ಬಾಯಿ ತೆರೆದಳು. ಬೀಗಿತ್ತಿ ಅತ್ತ ನೋಡಲೇ ಇಲ್ಲ. ಚಿಕ್ಕಮ್ಮನ ಬರಿಹಣೆಯನ್ನೇ ನೋಡಿದಳು.

"ಗೊತ್ತಾಯ್ತು ಬುಡು ತಾಯಿ. ತಟ್ಟೆ ಹಿಡ್ಕೊ. ನೀನೇ ಎತ್ತು."

ಚಿಕ್ಕಮ್ಮ ಆರತಿ ಎತ್ತಿದಳು. ಕೆಂಪು ನೀರಿನಲ್ಲಿ ಬೆರಳು ಅದ್ದಿ ಅಕ್ಕನ ಹಣೆಗೆ ಇಡಹೋದಳು, ಬೆರಳು ಅರ್ಧದಲ್ಲೇ ನಿಂತಿತು. ಅಕ್ಕನೇ ಮುಂದಕ್ಕೆ ಬಾಗಿ ಆ ಬೆರಳಿಗೆ ಹಣೆ ತಾಗಿಸಿದಳು.