ಸತ್ತಿ ಸಂಬಂಧ ಮತ್ತು ಸೊಟ್ಟ ಹೋಗೂ ದೋಣಿ

ಬರ್ರಿ, ಹಿಂಗ ಗ್ವಾಡಿಗೆ ಆತು ಕುಂಡ್ರ್ರಿ. ಚಾ ಆರೂದ್ರಾಗ ಹೇಳಿ ಮುಗಸ್ತೀನಿ ಅಂದ್ರ ಸುಳ್ಳಾಗತೈತಿ. ಆರಿದ್ರ ಮತ್ತ ಕಾಸೂಣು. ಹೊಳಿ ದಂಡಿ ಮ್ಯಾಲ ಸಂಸಾರ ಮಾಡಿದವರ ಮನ್ಯಾಗ ನಗೂವಂಥದ್ದು ಒಂದು ಮುಗೀತು ಅನ್ನೂದ್ರಾಗ ಇನ್ನೊಂದು ಆಗತಿರತೈತಿ.

ಆಗ ನಮ್ಮ ಕಡೆ ಕೃಷ್ಣಾ ಹೊಳೀಗೆ ಪೂಲ್ ಇರಲಿಲ್ಲ. ಊರಿಗೆ ಒಂದೋ ಎರಡೋ ಟೀವಿ ಬಂದಿದ್ದ ಕಾಲ. ಟ್ರ್ಯಾಕ್ಟರ್ ಹೊಡೀತಿದ್ದ ನಮ್ಮ ಯಜಮಾನ್ರು ಕೊಂಕಣದ ಕಡೆಯಿಂದ ಒಂದು ಹಳೇ ಮೋಟಾರ್ ದೋಣಿ ತಂದು, ಈ ದಂಡಿಯಿಂದ ಆ ದಂಡೀ ಸತ್ತಿ ಊರಿಗೆ ಮಂದೀನ ದಾಟಸಾಕ ಹತ್ತಿದ್ರು. ಇಂಜಿನ್ ದೋಣಿ ಹೊಟ್ಟ್ಯಾಗ. ಹಿಂದ ನೀರಾಗ ಒಂದು ಕಾಲು ಇಳಿಬಿಟ್ಟಿತ್ತು, ಆ ಕಾಲಿಗೆ ಫ್ಯಾನು. ಮುಂದ ಸ್ಟೇರಿಂಗ್ ತಿರುವಿದ್ರ ಕೇಬಲ್ಲು ಹಿಂದಿನ ಕಾಲು ತಿರುವತಿತ್ತು, ಕಾಲು ತಿರುಗಿದ್ರ ದೋಣಿ ತಿರುಗತಿತ್ತು. ಇಷ್ಟ ಅದರ ಕತಿ. ಆದ್ರ ಇಷ್ಟರಾಗ ಕೆಡೂದು ಭಾಳ ಇತ್ತು.

ಅದ ಹೊತ್ತಿಗೆ ನನ್ನ ನಾದಿನೀಗೆ ಸತ್ತಿಯಿಂದ ಸಂಬಂಧ ಬಂತು. ಹುಡುಗ ಅಕಿ ಮನಸ್ಸಿಗೆ ಬಂದಿದ್ದ. ಹುಡುಗನ ಅವ್ವ ಮಾತ್ರ ಹೇಳಿ ಕಳಿಸಿದ್ಲು: “ನಡುವ ಹೊಳಿ ಐತಿ. ಸೊಸಿ ತವರಿಗೆ ಹೋಗಿ ಬರೂ ದೋಣಿ ನೆಟ್ಟಗ ಹೋಗತೈತೇನು, ನಾ ಕುಂತು ನೋಡ್ತೀನಿ. ಆಮ್ಯಾಲ ಮಾತು.” ಅಂದಿನಿಂದ ನಾದಿನಿ ಕಣ್ಣು ಒಲಿ ಮ್ಯಾಲಿಲ್ಲ, ದೋಣಿ ಮ್ಯಾಲ.

ನಿಂಬಿಹಣ್ಣು

ಮೊದಲ ಸ್ಟೇರಿಂಗ್ ಬಿಗೀ ಆತು. ಯಜಮಾನ್ರು ಎದಿ ಹಚ್ಚಿ ತಿರುವಬೇಕು. ಕುಡಚಿಯಿಂದ ಟ್ರ್ಯಾಕ್ಟರ್ ಮಿಸ್ತ್ರಿ ಬಂದ. ಹಿಂದ ಕಾಲಿಗಿದ್ದ ಕೇಬಲ್ ಬಿಚ್ಚಿ, ಕಾಲು ಕೈಲೆ ಅಲುಗಿಸಿದ. ಬಾಗಲ ತೆರದಾಂಗ ಸರಳ ತಿರುಗ್ತು. ಅಂದ್ರ ರೋಗ ಹಿಂದಿಲ್ಲ. ಮುಂದ ಬಂದು ಕೇಬಲ್ಲಿನ ಈ ತುದೀನೂ ಬಿಚ್ಚಿದ. ಸ್ಟೇರಿಂಗ್ ಇನ್ನೂ ಬಿಗಿ. ಅಂದ್ರ ಕೇಬಲ್ಲಿನಾಗೂ ಇಲ್ಲ. ತಲಿ ಬಗ್ಗಿಸಿ ಸ್ಟೇರಿಂಗ್ ಕೆಳಗ ನೋಡಿದ.

ನಮ್ಮ ಮಾವನವರು ಅಮಾಸಿಗೊಮ್ಮೆ ದೃಷ್ಟಿ ಆಗಬಾರದಂತ ಸ್ಟೇರಿಂಗ್ ದಂಡಕ್ಕ ಕರೀದಾರದಾಗ ನಿಂಬಿಹಣ್ಣು ಕಟ್ಟತಿದ್ರು. ಹೊಸಾದು ಕಟ್ಟೂದು ಗೊತ್ತು, ಹಳೇದು ಬಿಚ್ಚೂದು ಅಪಶಕುನ. ದಾರ ಎಲ್ಲಾ ಸುತ್ತಿಕೊಂಡು ಹಗ್ಗ ಆಗಿತ್ತು, ಒಣಗಿದ ನಿಂಬಿಹಣ್ಣು ನಡುವ ಸಿಕ್ಕು ಗಟ್ಟಿಯಾಗಿದ್ದವು. ಕೊಯ್ದವರಿಗೆ ಅಷ್ಟೂ ದೃಷ್ಟಿ ಹತ್ತತೈತಿ ಅಂತ ಮಾವನವರು ಅಡ್ಡ ನಿಂತ್ರು.

ಮಿಸ್ತ್ರಿ ಚಾಕು ತಗದ. “ಹತ್ತೂದಿಲ್ಲ ಬಿಡ್ರಿ ಕಾಕಾ. ನಿಮ್ಮೂರ ದೃಷ್ಟಿಗೆ ಕುಡಚ್ಯಾಗ ನನ್ನ ಮನಿ ಎಲ್ಲೈತಿ ಗೊತ್ತಿಲ್ಲ.”

ಸಡಲ ನಟ್ಟು

ಮುಂದ ಉಲ್ಟಾ ಆತು. ಸ್ಟೇರಿಂಗ್ ಬೆಣ್ಣಿಹಂಗ ತಿರುಗತಿತ್ತು, ದೋಣಿ ತಿರುಗತಿರಲಿಲ್ಲ. ತಿರುಗಲಿಲ್ಲಂತ ಯಜಮಾನ್ರು ಇನ್ನಷ್ಟು ತಿರುವೂದು, ಆಮ್ಯಾಲ ಅದು ಒಮ್ಮಿಗಲೇ ಹೊಳ್ಳೂದು. ಹಾವು ಹೋದಾಂಗ ಹೊಳಿ ದಾಟತಿದ್ವಿ.

ಮಿಸ್ತ್ರಿ ಹೇಳಿದ್ದಕ್ಕ ನನ್ನ ಸ್ಟೇರಿಂಗಿಗೆ ಕುಂಡ್ರಿಸಿ, ಯಜಮಾನ್ರು ಹಿಂದ ಎದಿಮಟ ನೀರಿಗಿಳಿದು ಕಾಲು ನೋಡ್ಕೋತ ನಿಂತ್ರು. ದಂಡಿ ಮ್ಯಾಲ ಬಟ್ಟಿ ಒಗಿಯಾಕ ಬಂದ ಹೆಂಗಸರೆಲ್ಲಾ ಕೈ ಬಿಟ್ಟು ನಿಂತ್ರು. ನಾ ತಿರುವಿದೆ. ಹಿಂದ ಏನೂ ಇಲ್ಲ. ಇನ್ನಷ್ಟು ತಿರುವಿದೆ. ಆಗ ಅಲುಗಾಡ್ತು.

“ಸಿಕ್ತು ನೋಡ,” ಅಂದ್ರು. “ನೀ ಅಲ್ಲಿ ಹೇಳಿದ್ದು ಇಲ್ಲಿಗೆ ಮುಟ್ಟೂದು ತಡಾ ಆಗಾಕತ್ತೈತಿ.”

“ನಿಮಗೂ ಹಂಗ ಅಲ್ಲೇನ್ರಿ? ನಾ ಮುಂಜಾನಿ ಹೇಳಿದ್ದು ಸಂಜೀಕ ಮುಟ್ಟತೈತಿ.”

ದಂಡಿ ಮ್ಯಾಲಿನ ಹೆಂಗಸರು ಒದ್ದಿ ಸೆರಗು ಬಾಯಿಗೆ ಹಚ್ಚಿಕೊಂಡ್ರು. ಕೇಬಲ್ ತುದ್ಯಾಗಿನ ನಟ್ಟು ಸಡಲಾಗಿತ್ತು, ಮಿಸ್ತ್ರಿ ಬಿಗಿ ಮಾಡಿದ. ದೋಣಿ ನೆಟ್ಟಗಾತು. ಯಜಮಾನ್ರ ನಟ್ಟು ಎಲ್ಲೈತಿ ಅಂತ ಅವಗೂ ಸಿಗಲಿಲ್ಲ.

ಕೆಟ್ಟ ಪಾರ್ಟು

ಆಮ್ಯಾಲ ಬಂದ ರೋಗ ಯಾರಿಗೂ ತಿಳೀಲಿಲ್ಲ. ಮಂದಿ ಹತ್ತಿದ್ರ ಸಾಕು, ದೋಣಿ ಒಂದ ಮಗ್ಗಲಕ್ಕ ಎಳೀತಿತ್ತು, ಹಟ್ಟಿ ಕಂಡ ಕರುವಿನಾಂಗ. ಮಿಸ್ತ್ರಿ ಬಂದು ಖಾಲಿ ದೋಣಿ ಹೊಡದು ನೋಡ್ತಿದ್ದ. ನೂಲು ಹಿಡದಾಂಗ ಹೋಗತಿತ್ತು. “ದೋಣಿಗೆ ಏನೂ ಆಗಿಲ್ಲ, ಇವರ ಭುಜ ಡಾಕ್ಟರಿಗೆ ತೋರಸ್ರಿ ವೈನಿ,” ಅಂತ ನನಗ ಹೇಳಿ ಹೋಗ್ತಿದ್ದ. ಯಜಮಾನ್ರಿಗೆ ಸಿಟ್ಟು, ನಾದಿನೀಗೆ ಅಳು.

ಹಿಂಗಿರುವಾಗ ಹುಡುಗನ ಅವ್ವ ಬರೂ ದಿನ ಬಂದಬಿಡ್ತು. ಕರಕೊಂಡು ಬರಾಕ ನಾನೂ ಮಾವನವರೂ ದೋಣ್ಯಾಗ ಹೋದ್ವಿ. ಮಿಸ್ತ್ರೀನೂ ಜೋಡಿ ಬಂದ. ಹುಡುಗನ ಅವ್ವ ಗಟ್ಟಿಮುಟ್ಟ ಹೆಣ್ಣಮಗಳು, ಕುಂತ್ರ ಕಟ್ಟಿ ತುಂಬತೈತಿ. ಜೋಡಿ ಇಬ್ಬರು ಅತ್ತಿಗೇರು, ಬುಟ್ಟಿ ತುಂಬ ಉಂಡಿ. ನಮ್ಮಲ್ಲಿ ಪಂಗ್ತಿಯಾಗ ಆಗಲಿ ಗುಡ್ಯಾಗ ಆಗಲಿ ಗಂಡಸರು ಒಂದ ಕಡೆ, ಹೆಂಗಸರು ಒಂದ ಕಡೆ. ದೋಣ್ಯಾಗೂ ಹಂಗ. ಈ ಮಗ್ಗಲ ಹಲಗಿಗೆ ಇವರೆಲ್ಲಾ, ಆ ಮಗ್ಗಲ ಹಲಗಿಗೆ ಹುಡುಗನ ಅಪ್ಪ ಮತ್ತ ಮಾವನವರು, ಇಬ್ಬರೂ ಜ್ವಾಳದ ದಂಟಿನಂಥವರು, ಕೈಯಾಗ ಎಲಿಅಡಿಕಿ ಚೀಲ ಬಿಟ್ರ ಏನಿಲ್ಲ.

ನಡು ಹೊಳ್ಯಾಗ ದೋಣಿ ಎಳಿಯಾಕ ಹತ್ತಿತು. ಯಜಮಾನ್ರ ಕುತಗಿ ನರ ಎದ್ವು. ಹುಡುಗನ ಅವ್ವ ಅಂದ್ಲು, “ಮೂಗುದಾಣ ಇಲ್ಲದ ನಮ್ಮ ಎತ್ತು ಇದಕ್ಕಿಂತ ನೆಟ್ಟಗ ಹೋಗತೈತಿ.”

ಮುಗೀತು ಸಂಬಂಧ, ಅಂದುಕೊಂಡೆ.

ಮಿಸ್ತ್ರಿ ಮೊದಲ ಸಲ ಮಂದಿ ಇದ್ದ ದೋಣ್ಯಾಗ ಕುಂತಿದ್ದ. ಈ ಹಲಗಿ ನೋಡಿದ, ಆ ಹಲಗಿ ನೋಡಿದ. ಯಜಮಾನ್ರ ಕಿವ್ಯಾಗ ಏನೋ ಊದಿದ. ಅವರು ನಾ ಹೇಳೂದಿಲ್ಲ ಅಂತ ಕೈ ಮಾಡಿ ಮಾವನವರ ಕಡೆ ನೋಡಿದ್ರು. ಮಾವನವರು ಹೊಳಿ ನೋಡಾಕ ಹತ್ತಿದ್ರು.

“ಏನ ಅದು ಗುಸುಗುಸು?” ಅಂದ್ಲು ಹುಡುಗನ ಅವ್ವ.

ಮಿಸ್ತ್ರಿ ಕೈ ಮುಗದ. “ಅವ್ವಾರ, ಸ್ಟೇರಿಂಗ್ ನೋಡಬೇಕಾಗೇತ್ರಿ. ಒಂದೀಟು ಎದ್ದು ಆ ಹಲಗಿಗೆ ಕುಂಡ್ರತೀರೇನ್ರಿ?”

ಅಕಿ ಎದ್ದು ಹೋಗಿ ಕುಂತ್ಲು. ಗಂಡಸರಿಬ್ಬರೂ ಗಡಬಡಿಸಿ ಎದ್ದು ದೋಣಿ ಮೂತಿಗೆ ಹೋದ್ರು. ದೋಣಿ ನೂಲಿನಾಂಗ ನೆಟ್ಟಗಾತು. ಯಜಮಾನ್ರು ಎರಡೂ ಕೈ ಬಿಟ್ಟರೂ ನೆಟ್ಟಗ.

ಅಕಿ ಮಿಸ್ತ್ರೀನ ನೋಡಿ, “ಹಂಗಾರ ಕೆಟ್ಟ ಪಾರ್ಟು ನಾನ ಏನಪಾ?” ಅಂದ್ಲು. ಅಂದವಳ ನಕ್ಕಬಿಟ್ಲು, ದೋಣಿ ಅಲಗಾಡೂವಾಂಗ. “ಇನ್ನ ಮ್ಯಾಲ ಹೆಂಗಸರು ಮುಂದ, ಗಂಡಸರು ಹಿಂದ ಕುಂಡ್ರಲಿ. ಹೆಣ್ಣು ಎಲ್ಲೈತಿ, ತೋರಸ್ರಿ.”

ಲಗ್ನ ಆತು. ಮಿಸ್ತ್ರಿ ಕುಡಚ್ಯಾಗ ದೊಡ್ಡ ಅಂಗಡಿ ಹಾಕಿದ, ಈಗ ಮಕ್ಕಳು ನೋಡ್ತಾರ. ಮಾವನವರು ಮುಪ್ಪಿನಾಗ ಸುಖವಾಗಿ ಹೋದ್ರು. ಪೂಲ್ ಆದಮ್ಯಾಲ ಯಜಮಾನ್ರು ದೋಣಿ ಕೊಟ್ಟು ಮತ್ತ ಟ್ರ್ಯಾಕ್ಟರ್ ಹತ್ತಿದ್ರು. ನಾದಿನಿ ಸತ್ತ್ಯಾಗ ಚಲೋ ಬಾಳ್ವಿ ಮಾಡ್ಯಾಳ, ಒಂದ ದುಃಖ ಬಿಟ್ಟು. ಅತ್ತಿ ಇರೂತನಕ ಅಕಿ ಒಮ್ಮೀನೂ ಒಬ್ಬಾಕಿ ತವರಿಗೆ ಬರಲಿಲ್ಲ. ಚೀಲ ಹಿಡಕೊಂಡು ಹೊಂಟ್ಲಂದ್ರ ಅತ್ತಿ ಮೊದಲ ದಂಡೀಗೆ ಬಂದು ನಿಂತಿರತಿದ್ಲು: “ನಾ ಇಲ್ಲದ ದೋಣಿ ಹೆಂಗ ನೆಟ್ಟಗ ಹೋದೀತು? ನಡಿ, ನಾನೂ ಬರ್ತೀನಿ.”