ನಡುವಿನ ಗುಂಡಿಯವರು ಸರಿಯಾಗಿದ್ದುದೇ ತಪ್ಪಾಯಿತು

ಶ್ರೀಮಾನ್ ಮೂರನೆಯ ಗುಂಡಿಯವರ ಸನ್ನಿಧಾನಕ್ಕೆ,
ಐದು ಗುಂಡಿಗಳ ಸ್ವರ ತಿದ್ದುವ ಪೆಟ್ಟಿಗೆ (ಮನೆಯಲ್ಲೇ ತಯಾರಾದದ್ದು),
ನಡುಮನೆಯ ಕಪಾಟು, ಆಂಪ್ಲಿಫೈಯರಿನ ನೆತ್ತಿಯ ಮೇಲೆ,
ಮುಹರ್ರಮ್ ಬೇ, ಅಲೆಕ್ಸಾಂಡ್ರಿಯಾ.

ಮಾನ್ಯರೇ,

ತಮಗೆ ಶಾಂತಿಯೂ ಧೂಳಿಲ್ಲದ ದಿನಗಳೂ ಲಭಿಸಲಿ ಎಂದು ಹಾರೈಸುತ್ತಾ, ತಮ್ಮಿಂದ ಮೂರು ಮೊಳ ದೂರದ ಕುರ್ಚಿಯಲ್ಲಿ ಕುಳಿತು ಈ ದೂರನ್ನು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ. ತಮಗೆ ಪಾದವಿಲ್ಲ, ಹಿಂದುಗಡೆ ಮೂರು ತಂತಿಗಳಿವೆ ಎಂಬುದು ಅವನ್ನು ಬೆಸೆದ ನನಗೆ ಗೊತ್ತಿರುವುದರಿಂದ, ಅಲ್ಲಿಗೇ ತಲುಪಿತೆಂದು ಭಾವಿಸುತ್ತೇನೆ. ಹೇಳಬೇಕಾದುದನ್ನು ಮೊದಲೇ ಹೇಳಿಬಿಡುತ್ತೇನೆ: ತಾವು ಸರಿಯಾಗಿ ಕೆಲಸ ಮಾಡಿದ್ದರಿಂದ ನನ್ನ ಮೂವತ್ತೆರಡು ವರ್ಷದ ಗೆಳೆಯ ಲಬೀಬ್ ತನ್ನ ತಂತಿವಾದ್ಯ ಔದ್ ನುಡಿಸುವುದನ್ನೇ ನಿಲ್ಲಿಸಿದ. ಕೆಟ್ಟು ಕೂತಿದ್ದರೆ ತಮ್ಮಿಂದ ಲೋಕಕ್ಕೆ ಎಷ್ಟು ಉಪಕಾರವಾಗುತ್ತಿತ್ತೋ!

ಇದನ್ನು ಮುಚ್ಚಿದ ಲಕೋಟೆಯಲ್ಲಿ ಹಾಕದೆ ಬಹಿರಂಗವಾಗಿ ಬರೆದು ಕಪಾಟಿನ ಪಕ್ಕದ ಗೋಡೆಗೆ ಅಂಟಿಸುತ್ತಿರುವುದಕ್ಕೆ ಕಾರಣವುಂಟು. ನಾನು ಲಬೀಬನಿಗೆ ಅವಮಾನ ಮಾಡಿದ್ದು ಇದೇ ಕೋಣೆಯಲ್ಲಿ, ಶುಕ್ರವಾರದ ಐದು ಜನ ಅತಿಥಿಗಳ ಎದುರು. ಹಾಗೆ ಐದು ಜನರ ಮುಂದೆ ಬಾಯಿ ಬಿಟ್ಟವನು ತಪ್ಪೊಪ್ಪಿಗೆಯನ್ನು ಮಾತ್ರ ಕಿವಿಯಲ್ಲಿ ಪಿಸುಗುಟ್ಟುವುದು ಶೋಭಿಸುವುದಿಲ್ಲ.

ತಮಗೆ ನನ್ನ ಬೆರಳಿನ ಪರಿಚಯವಿದೆ, ಕುಲಗೋತ್ರದ ಪರಿಚಯವಿಲ್ಲ. ನಾನು ಸುಬ್ಹಿ. ನಲವತ್ತು ವರ್ಷ ಈ ಊರಿನ ಅಂಗಡಿಗಳ ನಾಮಫಲಕ ಬರೆದವನು. ಕಬ್ಬಿನ ಹಾಲಿನ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ನನ್ನ ಅಕ್ಷರದ ಕೆಳಗೆ ಹೊಟ್ಟೆ ಹೊರೆದವರು ಬಹಳ. ಅರಬ್ಬಿ ಅಕ್ಷರಗಳಲ್ಲಿ ಅಲಿಫ್ ನೆಟ್ಟಗೆ ನಿಲ್ಲಬೇಕು, ನೂನ್ ತುಂಬಿದ ಬಟ್ಟಲಿನಂತಿರಬೇಕು, ಬಲತುದಿಯಲ್ಲಿ ಕುಂಚ ಇಟ್ಟರೆ ಎಡತುದಿಯಲ್ಲೇ ಎತ್ತಬೇಕು ಎಂಬ ಮೂರು ವಿದ್ಯೆಯ ಹೊರತು ನನಗೆ ಬೇರೇನೂ ಬಾರದು. ಕೆಲಸದಿಂದ ನಿವೃತ್ತನಾದ ಮೇಲೆ ಸುಮ್ಮನಿರಲಾರದೆ ಆಂಪ್ಲಿಫೈಯರಿನ ಸೇವೆಗೆ ಇಳಿದೆ. ಇರುವೆ ಬಿಟ್ಟುಕೊಂಡೆ ಎನ್ನುತ್ತಾರಲ್ಲ, ಹಾಗೆ.

ತಮ್ಮ ಜನನದ ವೃತ್ತಾಂತವನ್ನು ತಮಗೇ ಹೇಳುವುದು ಅಧಿಕಪ್ರಸಂಗವಾದರೂ, ಗೋಡೆಯ ಮೇಲೆ ಓದುವವರಿಗಾಗಿ ಹೇಳುತ್ತೇನೆ. ನನ್ನ ಹಳೆಯ ಆಂಪ್ಲಿಫೈಯರಿಗೆ ಇದ್ದದ್ದು ಎರಡೇ ಗುಂಡಿ: ಒಂದು ದಪ್ಪ ದನಿಗೆ, ಒಂದು ಸಣ್ಣ ದನಿಗೆ. ಅಷ್ಟರಲ್ಲಿ ಲೋಕವೆಲ್ಲ ಸಂತೋಷವಾಗಿತ್ತು. ನನಗೆ ಮಾತ್ರ ಐದು ಬೇಕೆನಿಸಿತು. ಮನ್ಶಿಯಾ ಪೇಟೆಯ ಬಿಡಿಭಾಗದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಓದಲು ಬಾರದು, ಚಿತ್ರ ನೋಡಲು ಯಾರ ಅಪ್ಪಣೆ ಬೇಕು? ಸಾಲಾಗಿ ಐದು ಜಾರುವ ಗುಂಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆಯ ಕೆಪಾಸಿಟರು. ಮೊದಲ ಗುಂಡಿ ನಗಾರಿಯ ಗುಡುಗಿಗೆ, ಕೊನೆಯದು ತಾಳದ ಕಿಣಿಕಿಣಿಗೆ, ಉಳಿದವು ನಡುವಿನ ಸಂಸಾರಕ್ಕೆ. ಚಳಿಗಾಲವಿಡೀ ಬೆಸುಗೆ ಹಾಕಿದೆ. ಸೀಸದ ಹನಿಗಿಂತ ಹೆಚ್ಚು ಬೆಸೆದುಕೊಂಡದ್ದು ನನ್ನ ಹೆಬ್ಬೆರಳು. ಮುಖಫಲಕಕ್ಕೆ ತಗಡು ಸಿಗದೆ, ಬಸ್ಬೂಸಾ ಬೇಯಿಸುವ ಅಲ್ಯೂಮಿನಿಯಂ ತಟ್ಟೆಯನ್ನು ಗರಗಸಕ್ಕೆ ಕೊಟ್ಟೆ. ಮಗ ಹಾನಿಯ ಹೆಸರು ಹಿಡಿದು ನನ್ನನ್ನು ಹಾನಿಯಪ್ಪ ಎಂದು ಕರೆಯುವ ನನ್ನ ಹೆಂಡತಿ ದೌಲತ್ ಅದನ್ನು ಕಂಡು, “ಹಾನಿಯಪ್ಪಾ, ಇನ್ನು ಹಬ್ಬಕ್ಕೆ ಸಿಹಿ ಬೇಕು ಅಂದ್ರೆ ಆ ಪೆಟ್ಟಿಗೇನೇ ನೆಕ್ಕಿ” ಎಂದು ಆಶೀರ್ವದಿಸಿದಳು.

ಆಮೇಲೆ ನನಗೆ ಬರುವ ಆ ಮೂರೇ ವಿದ್ಯೆಯನ್ನು ತಟ್ಟೆಯ ಮೇಲೆ ಪ್ರದರ್ಶಿಸಿದೆ. ಕರಿಯ ಎನಾಮೆಲ್ ಬಣ್ಣದಲ್ಲಿ, ಅಂದವಾದ ಅಕ್ಷರದಲ್ಲಿ, ಒಂದೊಂದು ಗುಂಡಿಯ ಕೆಳಗೂ ಒಂದೊಂದು ಹೆಸರು: ಅತಿಮಂದ್ರ, ಮಂದ್ರ, ಮಧ್ಯ, ತಾರ, ಅತಿತಾರ. ಎಲ್ಲಿಂದ ಶುರು ಮಾಡಿದೆ ಎಂದು ಕೇಳುತ್ತೀರಾ? ಮರ್ಯಾದಸ್ಥರು ಎಲ್ಲಿಂದ ಶುರು ಮಾಡುತ್ತಾರೋ ಅಲ್ಲಿಂದಲೇ, ಬಲತುದಿಯಿಂದ. ಆದರೆ ಆ ಪುಸ್ತಕದ ಚಿತ್ರವನ್ನು ಬರೆದ ಪುಣ್ಯಾತ್ಮರು ಎಡತುದಿಯಿಂದ ಶುರು ಮಾಡಿದ್ದರು, ನಾನು ತಂತಿ ಬೆಸೆದದ್ದೂ ಚಿತ್ರದ ಪ್ರಕಾರವೇ. ಹೀಗೆ ಪೆಟ್ಟಿಗೆಯ ಬೆನ್ನು ಇಂಗ್ಲಿಷಿನಲ್ಲೂ ಮುಖ ಅರಬ್ಬಿಯಲ್ಲೂ ಮಾತಾಡತೊಡಗಿದವು. ಅತಿಮಂದ್ರ ಎಂದು ಬರೆದ ಗುಂಡಿಯನ್ನು ಏರಿಸಿದರೆ ಏರುವುದು ಅತಿತಾರ, ತಾರವನ್ನು ಇಳಿಸಿದರೆ ಇಳಿಯುವುದು ಮಂದ್ರ. ಬಲದಿಂದ ಎಣಿಸಿದರೂ ಎಡದಿಂದ ಎಣಿಸಿದರೂ ಮೂರನೆಯವರಾಗಿಯೇ ಉಳಿಯುವ ಭಾಗ್ಯ ತಮಗೊಬ್ಬರಿಗೇ ಇತ್ತು.

ಇಲ್ಲಿಂದ ಮುಂದೆ ನನ್ನ ದೂರು ತಮ್ಮ ಮೇಲೆ ನೇರವಾಗಿ ಬರುತ್ತದೆ. ಪೆಟ್ಟಿಗೆಯನ್ನು ಪರೀಕ್ಷಿಸುವ ದಿನ ನಾನು ಮುಟ್ಟಿದ್ದು ತಮ್ಮೊಬ್ಬರನ್ನೇ. ಮಧ್ಯ ಎಂದು ಬರೆದಿತ್ತು, ಏರಿಸಿದೆ, ವಾರ್ತೆ ಓದುವವನ ದನಿ ಮುಂದೆ ಬಂತು. ಇಳಿಸಿದೆ, ಅವನು ಗೋಡೆಯಾಚೆ ಹೋದ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೇ ಎಂದು ಉಳಿದ ನಾಲ್ವರಿಗೂ ಕುಳಿತಲ್ಲೇ ಪ್ರಮಾಣಪತ್ರ ಬರೆದುಕೊಟ್ಟೆ. ಅಕ್ಕಪಕ್ಕದ ನಾಲ್ವರೂ ಒಬ್ಬರ ಹೆಸರು ಇನ್ನೊಬ್ಬರು ಹೊತ್ತು ನಿಂತಿದ್ದರೂ, ಒಂದೇ ಒಂದು ಕೆಮ್ಮು ಕೆಮ್ಮದೆ ತಾವು ತಮ್ಮ ಪಾಲಿನ ಕೆಲಸವನ್ನು ಚಾಚೂ ತಪ್ಪದೆ ಮಾಡಿದಿರಿ. ಇಂಥ ಶೀಲವಂತರನ್ನು ನೆರೆಯಲ್ಲಿ ಇಟ್ಟುಕೊಂಡವರ ಮನೆ ಉದ್ಧಾರವಾದಂತೆಯೇ.

ಮರುದಿನ ಶುಕ್ರವಾರ, ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಎಂದಿನಂತೆ ಎಲ್ಲರೂ ಬಂದರು. ಲಬೀಬ್ ಎಂದರೆ ಸಾಮಾನ್ಯನಲ್ಲ. ಆ ಹೊಟ್ಟೆಯುಬ್ಬಿದ ಔದ್ ಅನ್ನು ಮಡಿಲಲ್ಲಿ ಮಲಗಿಸಿ ತಂತಿ ಮೀಟಿದನೆಂದರೆ ಕೈಯಲ್ಲಿದ್ದ ಚಹಾ ಆರುವುದು ತಿಳಿಯುತ್ತಿರಲಿಲ್ಲ. ಏಳು ಜನ ಶಿಷ್ಯರಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದ. ಅವನ ಗೌರವಾರ್ಥವಾಗಿ, ಅವನೇ ನುಡಿಸಿದ ಹಳೆಯ ಕ್ಯಾಸೆಟ್ ಹಾಕಿ, ಅತಿಮಂದ್ರವನ್ನು ಅರ್ಧ ಏರಿಸಿ, ಕೈಕಟ್ಟಿ ನಿಂತೆ. ಲಬೀಬ್ ತಲೆ ಓರೆಮಾಡಿ ಕೇಳಿ, “ಸುಬ್ಹಿ, ನನ್ನ ಔದ್‌ಗೆ ಹೊಟ್ಟೇನೇ ಇಲ್ವಲ್ಲೋ. ಡ್ರಾಯರಲ್ಲಿ ಚಮಚ ಅಲ್ಲಾಡಿಸಿದ ಹಾಗಿದೆ” ಎಂದ. ನಾನು, “ಹೊಟ್ಟೆ ಬೇಕಾ? ತಗೋ” ಎಂದು ಮುಕ್ಕಾಲಿಗೆ ಏರಿಸಿದೆ. “ಚಮಚ ಜಾಸ್ತಿ ಆಯ್ತು ಕಣೋ” ಎಂದ. ಪೂರ್ತಿ ಏರಿಸಿದೆ. ಅವನು ಕಿವಿ ಮುಚ್ಚಿಕೊಂಡ. ನನಗೆ ಮಾತ್ರ ಏನೂ ಚುಚ್ಚಲಿಲ್ಲ. ಈ ಅರವತ್ತೇಳರಲ್ಲಿ ಸೊಳ್ಳೆ ಕಚ್ಚಿದ ಮೇಲೆಯೇ ಬಂದದ್ದು ಗೊತ್ತಾಗುವ ನನ್ನ ಕಿವಿಗೆ ತಾರವೇನು, ಅತಿತಾರವೇನು? ಕಣ್ಣೆದುರಿಗೆ ನನ್ನದೇ ಅಕ್ಷರ ಅತಿಮಂದ್ರ ಎಂದು ಸಾಕ್ಷಿ ಹೇಳುತ್ತಿರುವಾಗ ಕಿವಿಯನ್ನು ಕೇಳುವವರು ಯಾರು!

ಆಗ ನಾನು ಆಡಿದ ಮಾತನ್ನು ಇಲ್ಲಿ ಯಥಾವತ್ತಾಗಿ ಬರೆಯುತ್ತೇನೆ, ಬರೆಯುವ ಕೈ ನಾಚುತ್ತದೆ. “ಪೂರ್ತಿ ಏರಿಸಿದ್ದೀನಿ ಕಣಯ್ಯಾ. ಇದೂ ಕೇಳಿಸ್ಲಿಲ್ಲ ಅಂದ್ರೆ ತೊಂದರೆ ಪೆಟ್ಟಿಗೇಲಿಲ್ಲ, ನಿನ್ನ ಕಿವೀಲಿದೆ. ಔದ್‌ನ ಗೋಡೆಗೆ ನೇತುಹಾಕಿ ಜಪಮಾಲೆ ಹಿಡ್ಕೋ.” ಯಾರೋ ನಕ್ಕರು. ಲಬೀಬ್ ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಚಹಾವನ್ನು ಅರ್ಧಕ್ಕೆ ಬಿಟ್ಟು, ದೌಲತ್‌ಗೆ ಹೇಳಿ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಗಾದೆ, ಹೊತ್ತಿಗೆ ನೆನಪಾಗದ ಗಾದೆ.

ನಾಲ್ಕು ತಿಂಗಳು ಅವನು ಬರಲಿಲ್ಲ. ಶಿಷ್ಯರನ್ನು ಬೇರೆ ಗುರುಗಳ ಬಳಿಗೆ ಕಳುಹಿಸಿದ ಎಂದು ಯಾರೋ ಹೇಳಿದರು. ನಾನು ಬಂದವರ ಮುಂದೆಲ್ಲ, “ಪಾಪ, ವಯಸ್ಸಾಯ್ತು, ಏನ್ಮಾಡೋದು” ಎಂದು ಕನಿಕರದ ಮುಖ ಮಾಡಿದೆ. ಕನಿಕರ ಪಡುವಾಗ ನನ್ನ ಮುಖ ಬಲು ಚೆನ್ನಾಗಿ ಕಾಣುತ್ತದೆಂದು ಆಗಲೇ ನನಗೆ ತಿಳಿದದ್ದು. ಶುಕ್ರವಾರಗಳಂದು ಬಾಗಿಲ ಕಡೆ ನೋಡುತ್ತಿದ್ದೆ ಎಂಬುದನ್ನು ಯಾರಿಗೂ ಹೇಳಲಿಲ್ಲ, ಅವನಿಲ್ಲದೆ ಆ ಕೋಣೆಯಲ್ಲಿ ಕೂರಲು ಬೇಸರವಾಗುತ್ತಿತ್ತು.

ಸತ್ಯ ಕೊನೆಗೆ ಹೊರಬಂದದ್ದು ಒಂದು ಒರೆಸುವ ಬಟ್ಟೆಯಿಂದ. ಹಬ್ಬದ ಮುಂಚಿನ ಶುಚಿಕಾರ್ಯದಲ್ಲಿ ದೌಲತ್ ಕಪಾಟು ಒರೆಸುತ್ತಿದ್ದಳು. ರೇಡಿಯೊದಲ್ಲಿ ಯಾವುದೋ ಮದುವೆ ಹಾಡು. ಬಟ್ಟೆಗೆ ಸಿಕ್ಕಿ ಎಡತುದಿಯ ಅತಿತಾರದ ಗುಂಡಿ ಮೇಲಕ್ಕೆ ಜಾರಿತು. ತಕ್ಷಣ ಡೋಲಿನ ಸದ್ದು ನೆಲಕ್ಕಿಳಿದು, ಕಪಾಟಿನಲ್ಲಿದ್ದ ಕಾಫಿ ಕಪ್ಪುಗಳೆಲ್ಲ ಕುಣಿಯತೊಡಗಿದವು. ಸ್ಪೀಕರ್ ಕೆಟ್ಟಿರಬೇಕು ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಸ್ಪೀಕರನ್ನು ಡೊಂಕು ಎಂದೆ. ದೌಲತ್ ಬಟ್ಟೆ ಹೆಗಲಿಗೆ ಹಾಕಿಕೊಂಡು, “ಇಲ್ಲಿ ಕೀರಲು ದನಿ ಅಂತ ಬರ್ದಿದ್ದೀರಿ, ಇದು ಗೂಳಿ ಥರ ಗುಟುರು ಹಾಕ್ತಿದೆ” ಎಂದಳು. ಆಮೇಲೆ ಪುಸ್ತಕದ ಚಿತ್ರವನ್ನೊಮ್ಮೆ, ನನ್ನ ಅಂದವಾದ ಅಕ್ಷರವನ್ನೊಮ್ಮೆ ನೋಡಿ, “ಅವ್ರು ಆ ಕಡೆಯಿಂದ ಓದ್ತಾರೆ, ನೀವು ಈ ಕಡೆಯಿಂದ ಬರ್ದಿದ್ದೀರಿ. ಅಷ್ಟೇ. ಈಗ ಆ ಪಾಪದ ಮನುಷ್ಯನ ಮನೆಗೆ ಹೋಗ್ತೀರೋ, ನಾನೇ ಹೋಗ್ಲೋ?” ಎಂದು ಕೇಳಿದಳು. ಬಸ್ಬೂಸಾ ತಟ್ಟೆಯ ವಿಷಯ ಎತ್ತಲಿಲ್ಲ. ಆ ದಯೆಯೇ ಹೆಚ್ಚು ಉರಿಯಿತು.

ಹೋದೆ. ಲಬೀಬ್ ಬಾಗಿಲು ತೆರೆದ, ಒಳಗೆ ಕರೆದ, ಕೂರಿಸಿದ. ಔದ್ ಗೋಡೆಯಲ್ಲಿ ನೇತಾಡುತ್ತಿತ್ತು, ಮೈಮೇಲೊಂದು ಹಳೆಯ ಶಾಲು. ನಾನು ಹೇಳಿದ ಜಾಗದಲ್ಲೇ ಇಟ್ಟಿದ್ದ. ನಾನು ಬಲ ಎಡ ಎಂದೆಲ್ಲ ತೊದಲುತ್ತಾ ನಡೆದದ್ದನ್ನು ಹೇಳಿದೆ. ಬೈಯುತ್ತಾನೆಂದು ತಲೆ ತಗ್ಗಿಸಿಯೇ ಇದ್ದೆ. ಅವನು, “ಡಾಕ್ಟರ ಹತ್ರ ಹೋಗಿದ್ದೆ ಕಣೋ. ತಲೆಗೆ ಅದೇನೋ ಸಿಗಿಸಿ, ಪೀಂಪೀಂ ಅನ್ನಿಸಿ, ಇಪ್ಪತ್ತು ವರ್ಷ ಚಿಕ್ಕವರ ಕಿವಿ ಇದ್ದ ಹಾಗಿದೆ ಅಂದ್ರು. ನಾನು ನಂಬ್ಲಿಲ್ಲ” ಎಂದ. ಯಾಕೆ ಎಂದು ಕೇಳಿದೆ. “ಅವ್ರು ಯಾರೋ ಪರಿಚಯ ಇಲ್ಲದವ್ರು. ನೀನು ನನ್ನ ಸ್ನೇಹಿತ. ನೀನ್ಯಾಕೆ ಸುಳ್ಳು ಹೇಳ್ತೀಯ ಅಂತ” ಎಂದ.

ಮಾನ್ಯರೇ, ಅದಕ್ಕಿಂತ ಅವನು ಚಪ್ಪಲಿ ಕೈಗೆತ್ತಿಕೊಂಡಿದ್ದರೆ ಚೆನ್ನಾಗಿತ್ತು. ಔದ್ ಇಳಿಸಿ ಕೊಟ್ಟೆ. ಶ್ರುತಿ ಮಾಡಿ ನಾಲ್ಕು ಸ್ವರ ನುಡಿಸಿ ನಿಲ್ಲಿಸಿದ, ಎಡಗೈ ಬೆರಳುಗಳನ್ನು ನನ್ನೆದುರು ಹಿಡಿದ. ಮೂವತ್ತೆರಡು ವರ್ಷ ನಾನು ಕಂಡ ಆ ಬೆರಳ ತುದಿಯ ಗಟ್ಟಿ ಚರ್ಮ ಕಳಚಿಹೋಗಿ, ತುದಿಗಳು ಕೂಸಿನ ಕೆನ್ನೆಯಂತೆ ಮೆತ್ತಗಾಗಿದ್ದವು. ತಂತಿ ಒತ್ತಿದಲ್ಲಿ ಕೆಂಪು ಗೀರು ಎದ್ದಿತ್ತು.

ಆದಕಾರಣ ಈ ಕೆಳಕಂಡ ಬೇಡಿಕೆಗಳನ್ನು ತಾವು ಸಹಾನುಭೂತಿಯಿಂದ ಪರಿಶೀಲಿಸಿ ಕೂಡಲೇ ಈಡೇರಿಸಬೇಕಾಗಿ ಬೇಡಿಕೊಳ್ಳುತ್ತೇನೆ. ನಾಲ್ಕು ತಿಂಗಳ ನುಡಿಸಾಣಿಕೆಯನ್ನೂ, ಅದರಿಂದ ಬೆಳೆಯಬೇಕಿದ್ದ ಚರ್ಮವನ್ನೂ ಲಬೀಬನ ಬೆರಳಿಗೆ ಹಿಂದಿರುಗಿಸುವುದು. ಅದು ತಮ್ಮ ಅಧಿಕಾರವ್ಯಾಪ್ತಿಗೆ ಮೀರಿದ್ದಾದರೆ, ಶುಕ್ರವಾರ ನಾನು ಆಡಿದ ಮಾತನ್ನು ಆ ಐದು ಜನರ ಕಿವಿಯಿಂದ ಇಳಿಸಿ ಸೊನ್ನೆಗೆ ತರುವುದು. ಅದೂ ಆಗದಿದ್ದಲ್ಲಿ, ಮುಂದೆ ನಾನು ಏನನ್ನಾದರೂ ತಲೆಕೆಳಗಾಗಿ ಕಟ್ಟಿದಾಗ ದಯವಿಟ್ಟು ತಾವೂ ಎಲ್ಲರೊಂದಿಗೆ ಸೇರಿ ತಪ್ಪಾಗಿ ನಡೆದುಕೊಳ್ಳುವುದು. ಪೂರ್ತಿ ತಪ್ಪಾದದ್ದನ್ನು ನನ್ನಂಥವನೂ ಹೇಗೋ ಕಂಡುಹಿಡಿದಾನು. ಐದರಲ್ಲಿ ಒಂದು ಸರಿಯಿದ್ದರೆ ಸಾಕು, ನಾನು ಎದುರಿಗಿದ್ದವನ ಕಿವಿಯನ್ನು ದೂರುತ್ತೇನೆ.

ಬಲದಿಂದಲೂ ಎಡದಿಂದಲೂ ಸಮನಾಗಿ ನಾಚಿಕೊಂಡಿರುವ,
ತಮ್ಮ ವಿಶ್ವಾಸಿ,
ಸುಬ್ಹಿ, ನಾಮಫಲಕ ಬರೆಯುವವನು

ವಿ.ಸೂ.: ಪತ್ರ ಅಂಟಿಸಿದ ಮೇಲೆ ಶುಕ್ರವಾರ ಬಂತು, ಲಬೀಬ್ ಬಂದ. ಐದು ಜನರೂ ನೋಡುತ್ತಿರುವಂತೆ ಗೋಡೆಯೆದುರು ನಿಂತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಗುಂಡಿಗಳ ಕೆಳಗಿನ ಹೆಸರುಗಳನ್ನೆಲ್ಲ ಅಳಿಸಿ ಸರಿಯಾಗಿ ಬರೆದಿದ್ದೆ. ಅವನ ಕ್ಯಾಸೆಟ್ ಹಾಕಿದೆ, ಔದ್‌ಗೆ ಹೊಟ್ಟೆ ಬಂತು. ಇನ್ನೇನಾದರೂ ತಿದ್ದಬೇಕೇ ಎಂದು ವಿನಯದಿಂದ ಕೇಳಿದೆ. ಅವನು ಎದ್ದು ಬಂದು, ಬೇರೆ ಯಾರನ್ನೂ ಮುಟ್ಟದೆ, ತಮ್ಮ ತಲೆಯ ಮೇಲೆ ಬೆರಳಿಟ್ಟು ತಳದವರೆಗೂ ಇಳಿಸಿ, “ಮನುಷ್ಯರ ಮಾತು ಬರೋದು ಇದ್ರಲ್ಲೇ ತಾನೆ? ಸ್ವಲ್ಪ ದಿನ ಇದು ಕೆಳಗೇ ಇರ್ಲಿ, ಸುಬ್ಹಿ” ಎಂದ.