ಕವನಾಳ ಬಯಕೆ, ಪ್ರಜ್ಞೇಶನ ಹೊಟ್ಟೆ

ಪ್ರಜ್ಞೇಶನ ಕಷ್ಟವೆಲ್ಲ ಶುರುವಾದದ್ದು ಒಂದು ಹನಿ ರಕ್ತದಿಂದ. ಅದೂ ಅವನದ್ದಲ್ಲ, ಹೆಂಡತಿ ಕವನಾಳದ್ದು.

ಕವನಾ ಏಳು ತಿಂಗಳ ಬಸುರಿ. ಆ ಹನಿಯನ್ನು ಪರೀಕ್ಷೆ ಮಾಡಿಸಿದ ಮಡಿಕೇರಿಯ ಡಾಕ್ಟ್ರಮ್ಮ, "ಶುಗರ್ ಬಂದಿದೆ. ತೂಕವೂ ಮೊದಲಿಂದಲೇ ಹೆಚ್ಚು," ಎಂದಿದ್ದರು. ತಾಯಿಯ ಸಕ್ಕರೆ ಮಗುವಿಗೂ ಹೋಗುತ್ತದೆ, ಮಗು ವಿಪರೀತ ದಪ್ಪವಾಗುತ್ತದೆ, ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು, ಹುಟ್ಟಿದ ಮೇಲೆ ಮಗುವಿನ ಸಕ್ಕರೆ ಒಮ್ಮೆಲೇ ಕುಸಿಯಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು. "ಹೊತ್ತು ಹೊತ್ತಿಗೆ ಪಥ್ಯದ ಊಟ ಮಾಡಿ, ನಡೀರಿ, ಹೆದರ್ಬೇಡಿ. ಸೋಮವಾರ ಮತ್ತೆ ನೋಡುವ. ಇಳಿಯದಿದ್ದರೆ ಇನ್ಸುಲಿನ್."

ಇದರಲ್ಲಿ 'ಹೆದರ್ಬೇಡಿ' ಒಂದನ್ನು ಬಿಟ್ಟು ಉಳಿದದ್ದೆಲ್ಲ ಪ್ರಜ್ಞೇಶನ ತಲೆಗೆ ಹೋಯಿತು. ಸಂಪಾಜೆಯಲ್ಲಿ ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವವನು ಅವನು. ಆಮೇಲೆ ಯಾವ ಯಂತ್ರ ಬಿಚ್ಚಿದರೂ ಒಳಗೊಂದು ಮಗು ಭುಜ ಸಿಕ್ಕಿಸಿಕೊಂಡು ತನ್ನನ್ನೇ ನೋಡುತ್ತಿರುವಂತೆ ಕಾಣತೊಡಗಿತು.

"ಯಾರಿಗೂ ಹೇಳ್ಬೇಡ," ಎಂದು ಹೆಂಡತಿಯಿಂದ ಆಣೆ ಹಾಕಿಸಿಕೊಂಡ. "ಅಮ್ಮಂಗೆ ಗೊತ್ತಾದ್ರೆ ನಿನ್ನ ತವರಿನ ಏಳು ತಲೆಮಾರನ್ನೂ ಉಪ್ಪಿನಕಾಯಿ ಹಾಕ್ತಾರೆ. ಊರಿಗೆ ಗೊತ್ತಾದ್ರೆ ನಾಳೆ ಬೆಳಿಗ್ಗೆ ಸುಳ್ಯದಲ್ಲೂ ಗೊತ್ತಿರ್ತದೆ."

ಪಥ್ಯವೇನೋ ಚೆನ್ನಾಗಿ ನಡೆಯಿತು. ಆದರೆ ಸೋಮವಾರದ ಹಿಂದಿನ ದಿನ ಭಾನುವಾರ. ಅಂದು ಕವನಾಳ ಬಯಕೆ ಊಟ.

ಬಯಕೆ ಊಟವೆಂದರೆ ನೆರೆಹೊರೆಯವರು ಒಂದೊಂದು ತಿಂಡಿ ಮಾಡಿ ತಂದು ತಮ್ಮ ಕೈಯಿಂದಲೇ ಬಸುರಿಯ ಬಾಯಿಗಿಡಬೇಕು. ಬಸುರಿ ಬೇಡ ಅನ್ನುವಂತಿಲ್ಲ. ಪ್ರಜ್ಞೇಶನಿಗೆ ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಉಪಾಯ ಮಾತ್ರ ಬಂದಿತ್ತು.

ಮೊದಲು ಬಂದವಳು ಪಕ್ಕದ ಮನೆಯ ಚೋಮಿ, ಡಬ್ಬಿ ತುಂಬ ಉಂಡೆ ಹಿಡಿದುಕೊಂಡು.

"ಆ ಅನ್ನು ಮಗಾ."

ಕವನಾ ಬಾಯಿ ತೆರೆದಳು. ಉಂಡೆ ತುಟಿಯ ಹತ್ತಿರ ಬಂತು. ಅಷ್ಟರಲ್ಲಿ ಘಾಟಿಯ ತಿರುವಿನಲ್ಲಿ ಅಡ್ಡ ನುಗ್ಗುವ ಬಸ್ಸಿನಂತೆ ಪ್ರಜ್ಞೇಶನ ತಲೆ ನಡುವೆ ನುಗ್ಗಿ ಉಂಡೆಯನ್ನು ಹಾಗೇ ನುಂಗಿಬಿಟ್ಟಿತು.

"ಎಂತ ಮಾರಾಯ ಇದು! ಬಸುರಿ ಅವಳಾ, ನೀನಾ?"

"ನಂಗೂ ಬಯಕೆ ಚೋಮಿಯಕ್ಕಾ," ಎಂದ ಪ್ರಜ್ಞೇಶ, ಡಬ್ಬಿಯನ್ನೇ ಕಿತ್ತುಕೊಂಡು.

"ನಿಂಗೆ ಎಷ್ಟು ತಿಂಗಳಪ್ಪಾ?" ಎಂದು ಮೂಲೆಯ ಕುರ್ಚಿಯಿಂದ ನಾಣಯ್ಯ ಕೇಳಿದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾದವರು. ಪ್ರಶ್ನೆ ಕೇಳುವ ಚಾಳಿ ನಿವೃತ್ತವಾಗಿರಲಿಲ್ಲ.

ಮನೆಯೆಲ್ಲ ನಗೆ. ಪ್ರಜ್ಞೇಶನ ತಾಯಿ ತಂಗಮ್ಮ ಮಾತ್ರ ತಲೆ ಚಚ್ಚಿಕೊಂಡರು. "ನಾನು ಇವನಿಗೆ ಅನ್ನವೇ ಹಾಕುದಿಲ್ಲ ಅಂದ್ಕೊಳ್ತಾರೆ ಜನ!"

ಚೋಮಿ ಪ್ರಜ್ಞೇಶನತ್ತ ನೋಡಿ ಕಣ್ಣು ಮಿಟುಕಿಸಿದಳು. ಇನ್ನೊಮ್ಮೆ, ಇನ್ನೂ ಜೋರಾಗಿ ಮಿಟುಕಿಸಿದಳು. ಕಣ್ಣಿಗೆ ಏನೋ ಬಿದ್ದಿರಬೇಕು ಎಂದುಕೊಂಡ ಅವನು.

ಮುಂದಿನ ಸರದಿ ಅಂಗನವಾಡಿಯ ಉಷಾರಾಣಿಯದು. ಅವಳು ಕಡುಬಿನ ಪಾತ್ರೆಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ಇದು ಅವಳಿಗೇ ಅಂತ ಬೇರೆ ಮಾಡಿದ್ದು. ನೀವು ಮುಟ್ಬೇಡಿ."

"ಹಾಗಲ್ಲ ಉಷಕ್ಕಾ. ಕರಿಕೆ ಕಡೆಯ ಒಬ್ಬರು ಜೋಯಿಸರು ಹೇಳಿದ್ದಾರೆ, ಹೆಂಡತಿಗೆ ತಂದದ್ದನ್ನೆಲ್ಲ ಗಂಡ ತಿಂದ್ರೆ ಹೆರಿಗೆ ಸಲೀಸಂತೆ."

"ಯಾವ ಜೋಯಿಸರು?" ಎಂದರು ನಾಣಯ್ಯ. "ನಮ್ಮ ಕಾಲದಲ್ಲಿ ಯಾಕೆ ಸಿಗ್ಲಿಲ್ಲ ಅವರು?"

"ರೀ, ಒಂದು ಮಾತು..." ಎಂದು ಕವನಾ ಅವನ ಸೊಂಟ ಚಿವುಟಿದಳು.

"ನೀನು ಸುಮ್ನಿರು," ಎಂದು ಪ್ರಜ್ಞೇಶ ಕಡುಬಿಗೆ ಕೈ ಹಾಕಿದ.

ಕಡುಬಿನ ನಂತರ ನಾಣಯ್ಯನವರ ಹೆಂಡತಿ ಕಳಿಸಿದ ಹೋಳಿಗೆ ಬಂತು. ಹೊಟ್ಟೆ 'ಸಾಕು' ಅಂದಿತು. ಪ್ರಜ್ಞೇಶ ಕಣ್ಣು ಮುಚ್ಚಿದ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಏದುಸಿರು ಬಿಡುವ ಮಗು ಕಂಡಿತು. ಹೋಳಿಗೆಗಳನ್ನು ಒಂದೊಂದಾಗಿ ಸುರುಳಿ ಸುತ್ತಿ, ನಾಲಿಗೆಗೂ ತಾಗಿಸದೆ, ಗುಳಿಗೆಯಂತೆ ಗಂಟಲಿಗೆ ಇಳಿಸಿದ.

ನೆಂಟರೆಲ್ಲ ಹೋಗುವಷ್ಟರಲ್ಲಿ ಅವನು ಜಗಲಿಯ ಮೇಲೆ ಹಂದಿ ನುಂಗಿದ ಹೆಬ್ಬಾವಿನಂತೆ ಬಿದ್ದಿದ್ದ. ಉಸಿರು ಕುತ್ತಿಗೆಯಿಂದ ಕೆಳಗೆ ಇಳಿಯುತ್ತಿರಲಿಲ್ಲ. ಆದರೂ ಮನಸ್ಸು ಹಗುರ. ಒಂದು ತುಣುಕೂ ಅವಳ ಬಾಯಿಗೆ ಹೋಗಿಲ್ಲ.

"ಬಾ, ಬೆರಳು ಕೊಡು," ಎಂದು ಶುಗರ್ ನೋಡುವ ಮೆಷಿನ್ ತೆಗೆದ.

ಇನ್ನೂರ ನಾಲ್ಕು.

ಪ್ರಜ್ಞೇಶ ಮೆಷಿನನ್ನು ಕುಲುಕಿ ನೋಡಿದ. ಅವಳ ಕೈ ತೊಳೆಸಿ ಇನ್ನೊಂದು ಬೆರಳು ಚುಚ್ಚಿದ. ಇನ್ನೂರ ಒಂಬತ್ತು.

"ನೀನು ಎಂತದೂ ತಿನ್ಲಿಲ್ವಲ್ಲಾ!"

"ತಿನ್ಲಿಕ್ಕೆ ನೀವು ಎಲ್ಲಿ ಬಿಟ್ರಿ?" ಕವನಾಳ ಕಣ್ಣು ತುಂಬಿತು. "ಕೈಕಾಲು ನಡುಗ್ಲಿಕ್ಕೆ ಶುರುವಾಯ್ತು. ಅಡುಗೆಮನೆಗೆ ಹೋದೆ. ನೆಂಟರಿಗೆ ಮಾಡಿದ್ದ ಬೆಲ್ಲದ ಪಾಯಸ ಒಂದೇ ಉಳಿದದ್ದು. ಅತ್ತೆ ಎರಡು ಲೋಟ ಕುಡಿಸಿದ್ರು."

"ಅಯ್ಯೋ! ಆ ಉಂಡೆ, ಕಡುಬಿಂದ ನಿನ್ನನ್ನು ಕಾಪಾಡ್ಲಿಕ್ಕೆ ನಾನು ಸಾಯ್ತಾ ಇದ್ರೆ..."

"ಅದಕ್ಕೆಲ್ಲ ಬೆಲ್ಲವೇ ಹಾಕಿರ್ಲಿಲ್ಲ ಮಾರಾಯ್ರೆ! ಉಂಡೆ ಬರೀ ಎಳ್ಳು, ತುಪ್ಪ. ಕಡುಬಿಗೂ ಹೋಳಿಗೆಗೂ ಹೆಸರುಕಾಳು, ಕಾಯಿತುರಿ. ನನ್ನ ಶುಗರಿನ ವಿಷಯ ನಾನೇ ಹೋದ ವಾರ ಎಲ್ಲರಿಗೂ ಹೇಳಿದ್ದೆ. ಅತ್ತೆ ಎದುರು ಬಾಯಿ ಬಿಡ್ಬೇಡಿ ಅಂತಲೂ ಹೇಳಿದ್ದೆ. ನಿಮಗೆ ರುಚಿ ಗೊತ್ತಾಗ್ಲಿಲ್ವಾ?"

"ಬಾಯಲ್ಲಿ ನಿಂತಿದ್ರೆ ತಾನೆ," ಎಂದ ಪ್ರಜ್ಞೇಶ. "ನಂಗ್ಯಾಕೆ ಹೇಳ್ಲಿಲ್ಲ?"

"ಆಣೆ ಹಾಕ್ಸಿದವರು ಯಾರು?"

ಬಾಗಿಲ ಹಿಂದಿನಿಂದ ತಂಗಮ್ಮ ಹೊರಗೆ ಬಂದರು. ಅಷ್ಟೂ ಕೇಳಿಸಿಕೊಂಡಿದ್ದರು. ಪ್ರಜ್ಞೇಶ ಎರಡೂ ಕಿವಿ ಮುಚ್ಚಿಕೊಳ್ಳಲು ಸಿದ್ಧನಾದ.

"ದಡ್ಡ ಹೈದ! ನಿನ್ನನ್ನು ಹೆರುವಾಗ ನಂಗೂ ಶುಗರ್ ಇತ್ತು. ನಾಲ್ಕೂವರೆ ಕಿಲೋ ಇದ್ದೆ ನೀನು. ಎಳೆದು ತೆಗೆದ ಡಾಕ್ಟರಿಗೇ ಡ್ರಿಪ್ಸ್ ಹಾಕ್ಬೇಕಾಯ್ತು. ಒಂದು ಮಾತು ಹೇಳಿದ್ರೆ ಆ ಪಾಯಸಕ್ಕೆ ಬೆಲ್ಲ ಮುಟ್ಟಿಸ್ತಿದ್ನಾ ನಾನು?"

ಫೋನಿನಲ್ಲಿ ಡಾಕ್ಟ್ರಮ್ಮ ಬೈದರು. ಒಂದು ಸಲಕ್ಕೆ ಮಗುವಿಗೇನೂ ಆಗದು, ಆದರೆ ಬಸುರಿಯನ್ನು ಉಪವಾಸ ಕೆಡವಿದ ಬುದ್ಧಿವಂತ ಯಾರು ಎಂದು ಕೇಳಿದರು. "ಲೈನು ಸರಿ ಇಲ್ಲ ಡಾಕ್ಟ್ರೆ," ಎಂದ ಪ್ರಜ್ಞೇಶ. ಈಗ ಮೆಲ್ಲ ನಡೆಸಿ, ರಾತ್ರಿ ಪಥ್ಯದ ಊಟ ಕೊಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ ಎಂದರು ಅವರು.

ಕವನಾ ನಡೆದಳು. ಪ್ರಜ್ಞೇಶ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಹೆಜ್ಜೆಗೊಮ್ಮೆ ನಿಂತು, ಅವಳ ಹಿಂದೆ ನಡೆದ. ನೋಡಿದವರಿಗೆ ಇಬ್ಬರಲ್ಲಿ ಯಾರಿಗೆ ದಿನ ತುಂಬಿದೆ ಎಂಬ ಅನುಮಾನ ಬರುವಂತಿತ್ತು.

ಚೋಮಿ ತನ್ನ ಮನೆಯ ಗೇಟಿನಲ್ಲೇ ಕಾಯುತ್ತಿದ್ದಳು. ಉಷಾರಾಣಿಯೂ ಇದ್ದಳು. ಒಳಗೆ ಸೊಪ್ಪಿನ ಪಲ್ಯದ ಒಗ್ಗರಣೆ ಘಮ್ಮೆನ್ನುತ್ತಿತ್ತು.

"ಬಾ ಮಗಾ, ನಿಂಗೆ ಅಂತ ಮತ್ತೆ ಮಾಡಿದ್ದೇವೆ," ಎಂದು ಚೋಮಿ ಕವನಾಳನ್ನು ಒಳಗೆ ಕರೆದುಕೊಂಡಳು.

ಪ್ರಜ್ಞೇಶನೂ ಕಾಲಿಡಲು ಹೋದ. ಉಷಾರಾಣಿ ಗೇಟು ಎಳೆದು ಚಿಲಕ ಹಾಕಿದಳು.

"ಅವಳು ಉಂಡು ಕೈ ತೊಳೆಯುವವರೆಗೆ ನೀವು ಅಲ್ಲೇ."